ಮನೆಯ ಹಳೆಯ ನೆಗೆಟಿವ್‌ಗಳನ್ನು ಕ್ಯಾಮೆರಾದಲ್ಲೇ ಡಿಜಿಟಲ್ ಮಾಡುವುದು: ಲೆನ್ಸ್, ಬೆಳಕು, ಫಂಗಸ್, ಕಿತ್ತಳೆ ಬಣ್ಣ

ಬೆಟಗೇರಿ ಓಣಿ

ಎಲ್ಲರಿಗೂ ನಮಸ್ಕಾರ. ಊರು ಗದಗ-ಬೆಟಗೇರಿ. ಮನೆಯ ಟ್ರಂಕಿನಲ್ಲಿರುವ ನೆಗೆಟಿವ್‌ಗಳನ್ನೆಲ್ಲ ಡಿಜಿಟಲ್ ಮಾಡಬೇಕಾಗಿದೆ. 35 ಎಂಎಂ ಪಟ್ಟಿಗಳು ಸುಮಾರು 60 ರೋಲಿನಷ್ಟಿವೆ. ಅದರಲ್ಲಿ ಹೆಚ್ಚಿನವು ಕಲರ್, 1980ರ ದಶಕದಿಂದ 2003ರವರೆಗಿನವು. ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದ 120 ಫಿಲ್ಮಿನ ಕಪ್ಪು-ಬಿಳುಪು ಚೌಕಗಳು ನೂರರಷ್ಟು ಬೇರೆ ಇವೆ. ಒಂದು ಪಟ್ಟಿ ಕಳೆದರೂ ಮತ್ತೆ ಸಿಗುವಂಥದ್ದಲ್ಲ, ಹಾಗಾಗಿ ಹೊರಗೆ ಕೊಡದೆ ಮನೆಯಲ್ಲೇ ಮಾಡುವ ವಿಚಾರ.

ಇರುವ ಸಾಮಾನು: ಕ್ಯಾನನ್ 1500ಡಿ, ಅದರ ಜೊತೆ ಬಂದ 18–55 ಕಿಟ್ ಲೆನ್ಸ್, ಒಂದು ಟ್ರೈಪಾಡ್, ಲ್ಯಾಪ್‌ಟಾಪ್. ಮೊಬೈಲಿನಲ್ಲಿ ಬಿಳಿ ಪರದೆ ಹಚ್ಚಿ, ಅದರ ಮೇಲೆ ನೆಗೆಟಿವ್ ಇಟ್ಟು ತೆಗೆದು ನೋಡಿದ್ದಾಯಿತು. ಚಿತ್ರದ ತುಂಬ ಜಾಲರಿಯಂತೆ ಚುಕ್ಕಿ ಬಂತು, ಮೂಲೆಗಳು ಮಸುಕಾದವು. ಕಂಪ್ಯೂಟರಿನಲ್ಲಿ ಇನ್ವರ್ಟ್ ಮಾಡಿದರೆ ಎಲ್ಲರ ಮುಖವೂ ನೀಲಿ-ಹಸಿರು. ನೆಗೆಟಿವ್ ಚೌಕಟ್ಟಿನಲ್ಲಿ ಕಾಲುಭಾಗ ಮಾತ್ರ ತುಂಬುತ್ತದೆ.

ಕೇಳಬೇಕಾದದ್ದು ಇಷ್ಟು. ಕಿಟ್ ಲೆನ್ಸಿನಲ್ಲೇ ಏನಾದರೂ ಮಾಡಬಹುದೋ, ಬೇರೆ ಲೆನ್ಸ್ ಬೇಕೇ ಬೇಕೋ? ಬೆಳಕಿಗೆ ಏನು ಬಳಸಬೇಕು? ಕಿತ್ತಳೆ ಬಣ್ಣವನ್ನು ಸರಿಯಾಗಿ ತೆಗೆಯುವುದು ಹೇಗೆ? ಕೆಲವು ಪಟ್ಟಿಗಳ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳಿವೆ, ನೀರಿನಲ್ಲಿ ತೊಳೆಯಬಹುದೇ? ಒಂದು ಡಬ್ಬಿ ತೆಗೆದರೆ ಹುಳಿ ವಾಸನೆ ಬರುತ್ತದೆ. ಅದು ಏನು?

ಮಾಳಮಡ್ಡಿ ಡಾರ್ಕ್‌ರೂಮ್

ಕ್ಯಾಮೆರಾ ಸಾಕು, ಬದಲಿಸಬೇಡಿ. 24 ಮೆಗಾಪಿಕ್ಸೆಲ್ ಅಂದರೆ ಉದ್ದಕ್ಕೆ 6000 ಪಿಕ್ಸೆಲ್. 36 ಮಿಮೀ ಫಿಲ್ಮಿನ ಮೇಲೆ ಹರಡಿದರೆ ಇಂಚಿಗೆ 4200 ಪಿಕ್ಸೆಲ್ ದಾಟುತ್ತದೆ. ಮನೆ ಕ್ಯಾಮೆರಾಗಳಲ್ಲಿ ತೆಗೆದ ಕಲರ್ ಫಿಲ್ಮಿನಲ್ಲಿ ಅಷ್ಟು ವಿವರವೇ ಇರುವುದಿಲ್ಲ. ಹಣ, ಶ್ರಮ ಹಾಕಬೇಕಾದ್ದು ಬೆಳಕಿಗೆ, ಲೆನ್ಸಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಮ್ ಮತ್ತು ಸೆನ್ಸರ್ ಸಮಾಂತರವಾಗಿ ನಿಲ್ಲುವ ಏರ್ಪಾಟಿಗೆ.

ಮೊದಲು ಲೆನ್ಸ್. ನಿಮ್ಮ ಸೆನ್ಸರಿನ ಅಗಲ 22.3 ಮಿಮೀ, ಫ್ರೇಮ್ 36 ಮಿಮೀ. ಸುತ್ತ ಸ್ವಲ್ಪ ಅಂಚೂ ಬರಬೇಕು, ಅದು ಆಮೇಲೆ ಬಣ್ಣ ಸರಿಮಾಡಲು ಬೇಕಾಗುತ್ತದೆ. ಹಾಗಾಗಿ ವರ್ಧನೆ (ಸೆನ್ಸರಿನ ಮೇಲೆ ಬೀಳುವ ಚಿತ್ರದ ಅಳತೆಗೂ ಫಿಲ್ಮಿನ ಅಳತೆಗೂ ಇರುವ ಪ್ರಮಾಣ) 0.6 ಇದ್ದರೆ ಸರಿ. ಕಿಟ್ ಲೆನ್ಸ್ ಒಂಟಿಯಾಗಿ ಅಲ್ಲಿಗೆ ಮುಟ್ಟುವುದಿಲ್ಲ. 13 ಮಿಮೀ ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಹಾಕುವ ಟೊಳ್ಳು ಉಂಗುರ) ಹಾಕಿ 55 ಮಿಮೀಗೆ ತಿರುಗಿಸಿದರೆ ಹತ್ತಿರ ಬರುತ್ತದೆ. ಟ್ಯೂಬಿಗೆ ವಿದ್ಯುತ್ ಸಂಪರ್ಕದ ಪಿನ್ ಇರುವುದನ್ನೇ ಕೊಳ್ಳಬೇಕು. ಪಿನ್ ಇಲ್ಲದ ಅಗ್ಗದ ಟ್ಯೂಬಿನಲ್ಲಿ ಕ್ಯಾಮೆರಾ ಲೆನ್ಸಿನ ಜೊತೆ ಮಾತಾಡುವುದಿಲ್ಲ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದೇ ಇರುತ್ತದೆ, ಮೂಲೆಗಳು ಕೆಡುತ್ತವೆ. ಪಿನ್ ಇದ್ದು ಎಫ್/8ಕ್ಕೆ ಇಳಿಸಿದರೂ ಕಿಟ್ ಲೆನ್ಸಿನ ಫೋಕಸ್ ಚಪ್ಪಟೆಯಾಗಿ ಬೀಳುವುದಿಲ್ಲ. ನಡು ಚೂಪಾದರೆ ಅಂಚು ಮೆತ್ತಗೆ, ಅಂಚು ಹಿಡಿದರೆ ನಡು ಹೋಯಿತು. ಪ್ರಯೋಗಕ್ಕೆ ಸರಿ, 60 ರೋಲಿಗೆ ಬೇಡ.

ಒಳ್ಳೆಯ ದಾರಿ ಎರಡು. ಒಂದು, ಸೆಕೆಂಡ್ ಹ್ಯಾಂಡ್ ಮ್ಯಾಕ್ರೊ ಲೆನ್ಸ್. ಕ್ಯಾನನ್ ಇಎಫ್-ಎಸ್ 60 ಎಂಎಂ ಎಫ್/2.8 ನಿಮ್ಮ ಬಾಡಿಗೆ ನೇರ ಕೂರುತ್ತದೆ. ಇನ್ನೊಂದು, ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಎನ್‌ಲಾರ್ಜರಿನ (ಡಾರ್ಕ್‌ರೂಮಿನಲ್ಲಿ ನೆಗೆಟಿವಿನಿಂದ ದೊಡ್ಡ ಪ್ರಿಂಟ್ ಮಾಡುವ ಯಂತ್ರದ) 50 ಎಂಎಂ ಲೆನ್ಸ್. ಚಪ್ಪಟೆ ನೆಗೆಟಿವನ್ನು ಚಪ್ಪಟೆ ಕಾಗದದ ಮೇಲೆ ಬೀಳಿಸಲೆಂದೇ ಮಾಡಿದ ಗಾಜು ಅದು. ಇಎಲ್-ನಿಕ್ಕೋರ್ 50 ಎಂಎಂ ಎಫ್/2.8 ಸಿಕ್ಕರೆ ಬಿಡಬೇಡಿ. ಅದರ ತಿರುಪಿನ ಮರೆ 39 ಮಿಮೀ, ಅಂದರೆ ಎಂ39. ಎಂ39ರಿಂದ ಕ್ಯಾನನ್ ಇಎಫ್‌ಗೆ ಹೋಗುವ ತೆಳು ಅಡಾಪ್ಟರ್ ರಿಂಗ್ ಒಂದು, 30ರಿಂದ 35 ಮಿಮೀ ಟ್ಯೂಬ್ ಒಂದು ಬೇಕು. 13, 21, 31ರ ಸೆಟ್ಟಿದ್ದರೆ 13 ಮತ್ತು 21 ಜೋಡಿಸಿ. ಈ ಲೆನ್ಸಿಗೆ ಅಪರ್ಚರ್ ಉಂಗುರ ಅದರ ಮೈಮೇಲೇ ಇರುವುದರಿಂದ ಪಿನ್ ಇಲ್ಲದ ಟ್ಯೂಬೂ ನಡೆಯುತ್ತದೆ. ಫೋಕಸ್ ಉಂಗುರ ಇರುವುದಿಲ್ಲ. ಕ್ಯಾಮೆರಾವನ್ನೇ ಮೇಲೆ-ಕೆಳಗೆ ಸರಿಸಿ ಫೋಕಸ್ ಮಾಡಬೇಕು. ಲೆನ್ಸಿನಿಂದ ಫಿಲ್ಮಿಗೆ ಸುಮಾರು 13 ಸೆಂಮೀ ಬರುತ್ತದೆ.

ಆ ಲೆನ್ಸ್ ಹುಡುಕಲು ಹೋದಾಗ ಎನ್‌ಲಾರ್ಜರನ್ನೇ ಪೂರ್ತಿ ಕೇಳಿ ನೋಡಿ. ಹುಬ್ಬಳ್ಳಿ-ಧಾರವಾಡದ ಹಳೆಯ ಸ್ಟುಡಿಯೋಗಳ ಅಟ್ಟದ ಮೇಲೆ ಇನ್ನೂ ಇವೆ. ತಲೆಭಾಗ ಬಿಚ್ಚಿದರೆ ಉಳಿಯುವ ಹಲಗೆ, ಕಂಬ, ಏರಿಳಿಸುವ ಹಿಡಿಕೆ ಇವಕ್ಕಿಂತ ಒಳ್ಳೆಯ ಕಾಪಿ ಸ್ಟ್ಯಾಂಡ್ ಮನೆಯಲ್ಲಿ ಮಾಡಲು ಆಗುವುದಿಲ್ಲ. ಅದರ ನೆಗೆಟಿವ್ ಕ್ಯಾರಿಯರನ್ನೂ (ನೆಗೆಟಿವ್ ಹಿಡಿದಿಡುವ ಚೌಕಟ್ಟು) ಬಿಡದೆ ತನ್ನಿ. ತಲೆಯ ಜಾಗಕ್ಕೆ ಎಲ್ ಆಕಾರದ 5 ಮಿಮೀ ಅಲ್ಯೂಮಿನಿಯಂ ಪಟ್ಟಿ ಹಾಕಿ ಕ್ಯಾಮೆರಾ ಬಿಗಿಯಿರಿ. ಬೋಲ್ಟು ಕಾಲಿಂಚಿನದು, ಇಂಚಿಗೆ 20 ಎಳೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ 'ಇದೂ ಅದೇ' ಎಂದು 6 ಎಂಎಂ ಬೋಲ್ಟ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಸಡಿಲವಾಗಿ ಒಳಗೆ ಹೋಗಿ ಕ್ಯಾಮೆರಾದ ಎಳೆಯನ್ನೇ ತಿನ್ನುತ್ತದೆ.

ಚುಕ್ಕಿ ಬಂದದ್ದು ಫಿಲ್ಮ್ ಮೊಬೈಲ್ ಪರದೆಗೆ ಅಂಟಿಕೊಂಡಿದ್ದರಿಂದ. ಫಿಲ್ಮಿನ ಜೊತೆ ಪಿಕ್ಸೆಲ್‌ಗಳೂ ಫೋಕಸಿಗೆ ಬಂದವು. ಅದಿರಲಿ, ಪರದೆಯ ಬೆಳಕು ಕೆಂಪು, ಹಸಿರು, ನೀಲಿ ಮೂರು ತುಂಡುಗಳದ್ದು, ಬಣ್ಣದ ಕೆಲಸಕ್ಕೆ ಒಗ್ಗುವುದಿಲ್ಲ. ವಿಡಿಯೋ ತೆಗೆಯುವವರು ಬಳಸುವ ಚಿಕ್ಕ ಎಲ್‌ಇಡಿ ಪ್ಯಾನೆಲ್ ಕೊಳ್ಳಿ, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95 ಅಥವಾ ಮೇಲೆ, 5500 ಕೆಲ್ವಿನ್ ಸುತ್ತಮುತ್ತ. ಬೋರ್ಡ್ ಬರೆಯುವವರ ಹತ್ತಿರ ಹಾಲುಬಿಳಿ ಅಕ್ರಿಲಿಕ್ ಹಾಳೆ ಸಿಗುತ್ತದೆ, 3 ಮಿಮೀ ದಪ್ಪದ್ದು ಸಾಕು. ಪ್ಯಾನೆಲಿನ ಮೇಲೆ 4–5 ಸೆಂಮೀ ಎತ್ತರದಲ್ಲಿ ಅಕ್ರಿಲಿಕ್, ಅದರ ಮೇಲೆ ಇನ್ನೂ 2–3 ಸೆಂಮೀ ಬಿಟ್ಟು ಫಿಲ್ಮ್. ಆ ಅಂತರ ಇದ್ದರೆ ಅಕ್ರಿಲಿಕ್ ಮೇಲಿನ ಧೂಳು ಚಿತ್ರದಲ್ಲಿ ಬರುವುದಿಲ್ಲ.

ಫ್ಲ್ಯಾಶ್ ಬೆಳಕು ಬಣ್ಣಕ್ಕೆ ಇನ್ನೂ ಚೆಂದ, ನಡುಕವನ್ನೂ ನುಂಗಿಹಾಕುತ್ತದೆ. ಆದರೆ 1500ಡಿಯ ಹಾಟ್‌ಶೂನಲ್ಲಿ (ಫ್ಲ್ಯಾಶ್ ಕೂರಿಸುವ ಮೇಲಿನ ಗಾಡಿ) ನಡುವಿನ ಪಿನ್ ಇಲ್ಲ, ಸಾಮಾನ್ಯ ಟ್ರಿಗರ್‌ಗಳು ಅದರಲ್ಲಿ ಕೆಲಸ ಮಾಡುವುದಿಲ್ಲ. ಎಲ್‌ಇಡಿಯಲ್ಲೇ ಇರಿ.

ಈಗ ಸಮಾಂತರದ ವಿಷಯ. ಹೆಚ್ಚಿನವರು ಸೋಲುವುದು ಇಲ್ಲೇ. ಕ್ಯಾಮೆರಾ 1 ಡಿಗ್ರಿ ವಾಲಿದರೂ ಫ್ರೇಮಿನ ಉದ್ದಕ್ಕೆ 0.6 ಮಿಮೀ ಏರುಪೇರಾಗುತ್ತದೆ. 0.6 ವರ್ಧನೆ, ಎಫ್/8ರಲ್ಲಿ ಗ್ರೇನ್ (ಫಿಲ್ಮಿನ ಸಣ್ಣ ಕಣಗಳು) ಚೂಪಾಗಿ ಕಾಣುವ ಪದರವೇ ಹೆಚ್ಚುಕಡಿಮೆ ಅಷ್ಟು ತೆಳು. ಪಾತಳಿ ತೋರಿಸುವ ಆ್ಯಪ್ ನೆಚ್ಚಬೇಡಿ. ಒಂದು ಚಿಕ್ಕ ಚಪ್ಪಟೆ ಕನ್ನಡಿಯನ್ನು ಫಿಲ್ಮ್ ಕೂರುವ ಜಾಗದಲ್ಲೇ ಇಡಿ. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯ ನೇರ ನೋಟ) ಲೆನ್ಸ್ ತನ್ನನ್ನೇ ನೋಡಿಕೊಳ್ಳುತ್ತದೆ. ಲೆನ್ಸಿನ ಕಪ್ಪು ಕಣ್ಣು ಪರದೆಯ ನಟ್ಟನಡುವೆ ಬರುವವರೆಗೆ ಕ್ಯಾಮೆರಾದ ಅಡಿ ಮಡಿಸಿದ ಕಾಗದ ತುರುಕುತ್ತ ಹೋಗಿ. ಬಂದ ಮೇಲೆ ಎಲ್ಲ ಬೋಲ್ಟ್ ಬಿಗಿಮಾಡಿ, ಮತ್ತೊಮ್ಮೆ ನೋಡಿ. ಬಿಗಿಮಾಡುವಾಗಲೇ ಅದು ಸರಿಯುತ್ತದೆ.

ಸೆಟ್ಟಿಂಗ್: ಎಂ ಮೋಡ್, ಐಎಸ್‌ಒ 100, ಎಫ್/5.6ರಿಂದ 8, ರಾ ಫೈಲ್ (ಸೆನ್ಸರಿನ ಕಚ್ಚಾ ಫೈಲ್), 2 ಸೆಕೆಂಡಿನ ಟೈಮರ್, ಲೈವ್ ವ್ಯೂ. ಎಫ್/16ಕ್ಕೆ ಹೋಗಬೇಡಿ. ಇಷ್ಟು ಹತ್ತಿರದಲ್ಲಿ ಎಫ್/8 ಅನ್ನೋದೇ ಎಫ್/13ರಂತೆ ನಡೆದುಕೊಳ್ಳುತ್ತದೆ, ಇನ್ನೂ ಇಳಿಸಿದರೆ ಡಿಫ್ರಾಕ್ಷನ್ನಿನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಗ್ರೇನ್ ಕರಗುತ್ತದೆ. ಫೋಕಸನ್ನು ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ಮುಖದ ಮೇಲಲ್ಲ, ಗ್ರೇನ್ ಮೇಲೆ ಹಿಡಿಯಿರಿ. ಷಟರ್ 1/30ಕ್ಕಿಂತ ನಿಧಾನ ಇರಲಿ, ಎಲ್‌ಇಡಿಯ ಮಿನುಗು ಪಟ್ಟೆಯಾಗಿ ಬೀಳುವುದಿಲ್ಲ. ಕೋಣೆಯ ದೀಪ ಆರಿಸಿ, ಫ್ಯಾನ್ ಬಂದ್ ಮಾಡಿ, ಪಕ್ಕದ ಕೋಣೆಯ ಮಿಕ್ಸರನ್ನೂ. ಕ್ಯಾನನ್ನಿನದೇ ಇಒಎಸ್ ಯುಟಿಲಿಟಿ ಹಾಕಿಕೊಂಡು ಯುಎಸ್‌ಬಿ ತಂತಿ ಜೋಡಿಸಿದರೆ ಲ್ಯಾಪ್‌ಟಾಪ್ ಪರದೆಯಲ್ಲೇ ಫೋಕಸ್ ನೋಡಿ ಅಲ್ಲಿಂದಲೇ ಕ್ಲಿಕ್ ಮಾಡಬಹುದು.

120ರ ಚೌಕಗಳು 56 ಮಿಮೀ. ಟ್ಯೂಬ್ ಕಡಿಮೆ ಮಾಡಿ (18 ಮಿಮೀ ಸುತ್ತ), ಕ್ಯಾಮೆರಾ ಎತ್ತರಿಸಿ, ಒಂದೇ ಶಾಟಿನಲ್ಲಿ ತೆಗೆಯಿರಿ. ಕ್ಲಿಕ್‌ನ ಸರಳ ಲೆನ್ಸಿಗೆ ಅದೇ ಧಾರಾಳ. ಯಾವುದಾದರೂ ಸ್ಟುಡಿಯೋದ ಯಾಶಿಕಾ ಕ್ಯಾಮೆರಾದಲ್ಲಿ ತೆಗೆದ ಚೌಕ ಸಿಕ್ಕರೆ ಮಾತ್ರ ಎರಡು ಭಾಗವಾಗಿ ತೆಗೆದು ಹ್ಯುಗಿನ್ ಎಂಬ ತಂತ್ರಾಂಶದಲ್ಲಿ ಹೊಲಿಯಿರಿ. ಸೆನ್ಸರಿನ ಉದ್ದ ಬದಿಗೆ ಚೌಕದ ಅಗಲ ತುಂಬುವಂತೆ ಇಟ್ಟುಕೊಂಡು, ಕ್ಯಾಮೆರಾ ಅಲ್ಲ, ಫಿಲ್ಮನ್ನು ಸರಿಸಿ.

ದುರ್ಗದಬೈಲ್

ಲೆನ್ಸಿನ ಮಾತು ಆತು. ಅದಕ್ಕೂ ಮೊದ್ಲ ಒಂದ ಮಾತ ಕೇಳ್ರಿ: ಫಂಗಸ್ ಹತ್ತಿದ ನೆಗೆಟಿವ್ ನೀರಾಗ ಹಾಕಬ್ಯಾಡ್ರಿ. ಹೊಸಾ ನೆಗೆಟಿವ್ ನೀರಾಗ ತೊಳದ್ರ ಏನೂ ಆಗೂದಿಲ್ಲ, ಖರೆ. ಆದ್ರ ಬೂಷ್ಟು ತಿನ್ನೂದು ಚಿತ್ರ ಹಿಡದ ಇರೂ ಜಿಲೆಟಿನ್ನ. ತಿಂದ ಜಾಗಾದಾಗಿನ ಜಿಲೆಟಿನ್ ನೀರಿಗೆ ಕರಗೂ ಹಂಗ ಆಗಿರತೈತಿ. ನೀರಾಗ ಹಾಕಿದ್ರ ಬೂಷ್ಟಿನ ಸಂಗಾಟ ಚಿತ್ರಾನೂ ಎದ್ದ ಹೋಗತೈತಿ, ತಿರುಗಿ ಬರೂದಿಲ್ಲ.

ಮೊದ್ಲ ಹಂಗ ಇದ್ದದ್ದನ್ನ ಇದ್ದಂಗ ಒಂದ್ ಸಲ ಫೋಟೋ ತಕ್ಕೊಳ್ರಿ. ಆಮ್ಯಾಲ ಸ್ವಚ್ಛ ಮಾಡೂ ವಿಚಾರ. ಹೊಳಿಯೂ ಬದಿ, ಅಂದ್ರ ಬೇಸ್ ಕಡೆ ಇರೂ ಬೂಷ್ಟು ಸುಲಭ ಬರತೈತಿ. 99 ಟಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತರ್ರಿ. ಮೆಡಿಕಲ್ ಅಂಗಡ್ಯಾಗ ಸಿಗೂ 70 ಟಕ್ಕೆದ್ದು ಬ್ಯಾಡ, ಉಳದ 30 ಟಕ್ಕೆ ನೀರ ಇರತೈತಿ, ಮತ್ತ ಅದ ಕಥಿ. ಎಳಿ ಬಿಡದಂಥಾ ಮೈಕ್ರೋಫೈಬರ್ ಅರಿವಿಗೆ ಎರಡ ಹನಿ ಹಾಕಿ, ಒತ್ತದ, ಒಂದ ದಿಕ್ಕಿಗೆ ಒರಸ್ರಿ. ಮಂಕ್ ಬದಿ ಅಂದ್ರ ಇಮಲ್ಶನ್ ಕಡೆ ಬೂಷ್ಟು ಒಳಗ ಇಳದಿದ್ರ ಕೈ ಹಚ್ಚಬ್ಯಾಡ್ರಿ, ಕಂಪ್ಯೂಟರ್‌ನಾಗ ತೆಗಿಯೂದ ಛಲೋ. ಉಗುರಬಣ್ಣ ತೆಗಿಯೂ ದ್ರಾವಣದಾಗ ಅಸಿಟೋನ್ ಇರತೈತಿ, ಅದು ಫಿಲ್ಮಿನ ಅಸಿಟೇಟ್ ಬೇಸನ್ನ ಕರಗಿಸಿ ಬಿಡತೈತಿ. ಮನಿಯಾಗಿದ್ರೂ ಆ ಟೇಬಲ್ ಹತ್ರ ತರಬ್ಯಾಡ್ರಿ.

ಹುಳಿ ವಾಸನಿ ಬರೂ ಡಬ್ಬಿ ಐತೆಲ್ಲ, ಅದನ್ನ ಇವತ್ತ ಬ್ಯಾರೆ ಇಡ್ರಿ. ಅಸಿಟೇಟ್ ಬೇಸ್ ಒಡದು ಅಸಿಟಿಕ್ ಆಮ್ಲ ಹೊರಗ ಬರಾಕತ್ತೈತಿ, ಅಂದ್ರ ವಿನೆಗರ್‌ದ್ದ ವಾಸನಿ. ಹೊರಗ ಬಂದ ಆಮ್ಲನ ಮುಂದಿನ ಒಡಿಯೂದನ್ನ ಜೋರ ಮಾಡತೈತಿ, ಆಜೂಬಾಜೂ ಇರೂ ಛಲೋ ಫಿಲ್ಮಿಗೂ ಹತ್ತತೈತಿ. ಊಟಿಯೊಳಗ ಮಾಡಿದ 'ಇಂದು' ಫಿಲ್ಮ್ ಇರಲಿ, ಪೂರ್ವ ಜರ್ಮನಿಯ ಓರ್ವೊ ಇರಲಿ, ಅಸಿಟೇಟ್ ಅಂದಮ್ಯಾಲ ಎಲ್ಲಾಕ್ಕೂ ಈ ರೋಗ ಬರಬಹುದು. ಗುಣ ಮಾಡೂ ಔಷಧ ಇಲ್ಲ, ನಿಧಾನ ಮಾಡಬಹುದು ಅಷ್ಟ. ಅದಕ್ಕ ನಿಮ್ಮ ಕೆಲಸ ಆ ಡಬ್ಬಿಯಿಂದನ ಶುರು ಆಗ್ಲಿ. ಬೇಸ್ ಕುಗ್ಗಿ ಇಮಲ್ಶನ್ ಸುಕ್ಕಾದ್ರ ಆಮ್ಯಾಲ ಚಪ್ಪಟಿ ಮಾಡಾಕ ಆಗೂದಿಲ್ಲ.

ಟ್ರಂಕಿನಾಗ ನುಸಿಗುಳಿಗಿ ಇದ್ರ ತಗೀರಿ. ಹಳೇ ಪಿವಿಸಿ ಹಾಳಿ, ರಬ್ಬರ್ ಬ್ಯಾಂಡ್ ಎಲ್ಲಾ ತಗೀರಿ. ಪಾಲಿಪ್ರೊಪಿಲೀನ್ ಹಾಳಿ, ಇಲ್ಲಂದ್ರ ಆಮ್ಲ ಇಲ್ಲದ ಕಾಗದದ ಲಕೋಟಿ ಸಾಕು. ಹುಳಿ ವಾಸನಿದ್ದನ್ನ ಮಾತ್ರ ಕಾಗದದಾಗ ಇಟ್ಟು ಗಾಳಿ ಆಡೂ ಹಂಗ ಬಿಡ್ರಿ, ಗಟ್ಟಿ ಡಬ್ಬಿ ಮುಚ್ಚಬ್ಯಾಡ್ರಿ. ಒಂದಕ್ಕೊಂದ ಅಂಟಿದ ಪಟ್ಟಿ ಎಳದ ಬಿಡಸಬ್ಯಾಡ್ರಿ.

ಹಂಗಾಮಿನ ಮಾತೂ ಐತಿ. ಎಪ್ರಿಲ್-ಮೇದಾಗ ಗದಗ ಕಡೆ ಒಣಾ ಗಾಳಿ, ಎರಿಮಣ್ಣಿನ ಧೂಳಿ. ಫಿಲ್ಮ್ ಲಕೋಟಿಯಿಂದ ಎಳದ ಕೂಡ್ಲೆ ಸ್ಟ್ಯಾಟಿಕ್ ಬಂದು ಧೂಳೀನೆಲ್ಲಾ ಕರೀತೈತಿ. ನೆಲಾ ಹಸೀ ಅರಿವಿಲೆ ಒರಸಿ, ಕಿಟಕಿ ಮುಚ್ಚಿ, ಅರ್ಧಾ ತಾಸ ಬಿಟ್ಟು ಕೂಡ್ರಿ. ಮಳಿಗಾಲದಾಗ ಧೂಳಿ ಇಲ್ಲ, ಆದ್ರ ಪಟ್ಟಿ ಹೊರಗ ಹರವಿ ಇಡೂದು ಬ್ಯಾಡ, ಕೆಲಸ ಮುಗದ ಕೂಡ್ಲೆ ಸಿಲಿಕಾ ಜೆಲ್ ಇರೂ ಡಬ್ಬ್ಯಾಗ ಹೋಗ್ಲಿ. ಧೂಳಿ ಹಾರಿಸಾಕ ರಬ್ಬರ್ ಬ್ಲೋವರ್. ಬಾಯಿಲೆ ಊದಬ್ಯಾಡ್ರಿ, ಉಗುಳಿನ ಹನಿ ಬಿದ್ದ ಕಲಿ ಹೋಗೂದಿಲ್ಲ.

ಕೇಶ್ವಾಪುರ ರಾ ಫೈಲ್

ಬಣ್ಣದ ಪ್ರಶ್ನೆಗೆ ಉತ್ತರ. ಕಿತ್ತಳೆ ಬಣ್ಣ ಹಳೆಯದಾಗಿ ಬಂದದ್ದಲ್ಲ, ಕೊಳೆಯೂ ಅಲ್ಲ. ಕಲರ್ ನೆಗೆಟಿವ್‌ನ ಮಜೆಂಟಾ ಮತ್ತು ಸಯಾನ್ ವರ್ಣಗಳು ಶುದ್ಧವಾಗಿಲ್ಲ, ತಾವು ತಡೆಯಬಾರದ ಬೆಳಕನ್ನೂ ಸ್ವಲ್ಪ ತಡೆಯುತ್ತವೆ. ಆ ದೋಷ ಸರಿದೂಗಿಸಲು ಫಿಲ್ಮ್ ತಯಾರಿಸುವಾಗಲೇ ಹಾಕಿದ ಮಾಸ್ಕ್ ಅದು. ಹೀಗಾಗಿ ಬರೀ ಇನ್ವರ್ಟ್ ಮಾಡಿದರೆ ಕಿತ್ತಳೆ ತಿರುಗಿ ನೀಲಿ-ಹಸಿರಾಗುವುದು ಸಹಜ. ಮೂರೂ ಚಾನೆಲ್‌ಗಳನ್ನು ಬೇರೆ ಬೇರೆಯಾಗಿಯೇ ತಿರುಗಿಸಬೇಕು.

ತೆಗೆಯುವಾಗಲೇ ಮಾಡಬೇಕಾದ್ದು ಎರಡಿದೆ. ಫಿಲ್ಮ್ ಇಲ್ಲದೆ ಬರೀ ಬೆಳಕಿನ ಒಂದು ಫ್ರೇಮ್ ತೆಗೆದಿಟ್ಟುಕೊಳ್ಳಿ, ಬೆಳಕು ಅತಿಯಾಗಿ ಬಿಳಿ ಸುಡದಂತೆ ಷಟರ್ ಮಾತ್ರ ಬದಲಿಸಿ. ಎರಡನೆಯದು, ರೋಲಿನ ಮೊದಲ ತುದಿಯಲ್ಲಿ ಏನೂ ತೆಗೆಯದ ಖಾಲಿ ಜಾಗ ಇರುತ್ತದಲ್ಲ, ಅದನ್ನು ಚೌಕಟ್ಟಿಗೆ ತಂದು ಆರ್‌ಜಿಬಿ ಹಿಸ್ಟೋಗ್ರಾಂ ನೋಡಿ. ಕೆಂಪು ಎಲ್ಲಕ್ಕಿಂತ ಬಲಕ್ಕಿರುತ್ತದೆ. ಅದು ಬಲತುದಿಗೆ ತಾಗದಂತೆ, ಆದರೆ ಹತ್ತಿರ ಇರುವಂತೆ ಷಟರ್ ಹಿಡಿಯಿರಿ. ನೀಲಿಗೆ ಬೆಳಕು ಕಡಿಮೆ ಸಿಗುತ್ತದೆ, ಎಕ್ಸ್‌ಪೋಷರ್ ಕಡಿಮೆ ಮಾಡಿದರೆ ನಾಯ್ಸ್ (ಚುಕ್ಕಿ ಚುಕ್ಕಿ ಒರಟು) ಎಲ್ಲ ಅಲ್ಲೇ ಸೇರುತ್ತದೆ. ಒಮ್ಮೆ ಹಿಡಿದ ಎಕ್ಸ್‌ಪೋಷರನ್ನು ಆ ರೋಲ್ ಮುಗಿಯುವವರೆಗೆ ಮುಟ್ಟಬೇಡಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬೇಡ. ಫ್ರೇಮಿನಿಂದ ಫ್ರೇಮಿಗೆ ಎಲ್ಲ ಒಂದೇ ಇದ್ದರೆ ಒಂದಕ್ಕೆ ಮಾಡಿದ ತಿದ್ದುಪಡಿಯನ್ನು 36ಕ್ಕೂ ಅಂಟಿಸಬಹುದು. 60 ರೋಲಿನ ಕೆಲಸ ಮುಗಿಯುವುದು, ಅರ್ಧಕ್ಕೆ ನಿಲ್ಲುವುದು ಇದರ ಮೇಲೆಯೇ.

ಉಚಿತ ತಂತ್ರಾಂಶದಲ್ಲಿ ಡಾರ್ಕ್‌ಟೇಬಲ್ ಒಳ್ಳೆಯದು. ಅದರಲ್ಲಿ 'ನೆಗಾಡಾಕ್ಟರ್' ಎಂಬ ಮಾಡ್ಯೂಲ್ ಇದೆ. ಮೊದಲು ಬೆಳಕು-ನೆರಳು ಹೊಂದಿಸುವ ಫಿಲ್ಮಿಕ್ ಅಥವಾ ಸಿಗ್ಮಾಯ್ಡ್ ಮಾಡ್ಯೂಲ್ ಆನ್ ಇದ್ದರೆ ಆಫ್ ಮಾಡಿ, ನೆಗಾಡಾಕ್ಟರ್ ಆ ಕೆಲಸವನ್ನು ತಾನೇ ಮಾಡುತ್ತದೆ, ಎರಡೂ ಸೇರಿದರೆ ಚಿತ್ರ ಸತ್ತಂತಾಗುತ್ತದೆ. ವೈಟ್ ಬ್ಯಾಲೆನ್ಸನ್ನು ಆ ಖಾಲಿ ಬೆಳಕಿನ ಫ್ರೇಮಿನಿಂದ ತೆಗೆದುಕೊಳ್ಳಿ. ನಂತರ ನೆಗಾಡಾಕ್ಟರಿನಲ್ಲಿ ಫಿಲ್ಮ್ ಬೇಸ್ ಬಣ್ಣವನ್ನು ಖಾಲಿ ಅಂಚಿನಿಂದ ಪಿಕರ್‌ನಲ್ಲಿ ಆರಿಸಿ. ಡಿ-ಮ್ಯಾಕ್ಸ್ (ಫಿಲ್ಮಿನ ಗರಿಷ್ಠ ಗಾಢತೆ) ಆರಿಸುವಾಗ ಆಯ್ಕೆಯ ಚೌಕ ಚಿತ್ರದ ಒಳಗೇ ಇರಲಿ, ಕಪ್ಪು ಕ್ಯಾರಿಯರ್ ಒಳಗೆ ಬಂದರೆ ಲೆಕ್ಕ ತಪ್ಪುತ್ತದೆ. ಆಮೇಲೆ ನೆರಳಿನ ಬಣ್ಣ, ಬೆಳಕಿನ ಬಣ್ಣ, ಕೊನೆಗೆ ಪ್ರಿಂಟ್ ಟ್ಯಾಬಿನಲ್ಲಿ ಕಾಂಟ್ರಾಸ್ಟ್. ರಾಥೆರಪಿ ಎಂಬ ಇನ್ನೊಂದು ತಂತ್ರಾಂಶದಲ್ಲೂ ಫಿಲ್ಮ್ ನೆಗೆಟಿವ್ ಸಾಧನ ಇದೆ: ಬಣ್ಣವಿಲ್ಲದ ಎರಡು ಜಾಗ, ಒಂದು ತಿಳಿ, ಒಂದು ಗಾಢ, ತೋರಿಸಬೇಕು. ಮದುವೆ ಫೋಟೋದಲ್ಲಿ ಬಿಳಿ ಧೋತರ ಮತ್ತು ಕಪ್ಪು ಕೋಟು ಇದ್ದರೆ ಅದಕ್ಕಿಂತ ಒಳ್ಳೆಯ ಗುರುತು ಬೇಡ. ಲೈಟ್‌ರೂಮ್ ಇದ್ದವರಿಗೆ ನೆಗೆಟಿವ್ ಲ್ಯಾಬ್ ಪ್ರೊ ಎಂಬ ಪ್ಲಗಿನ್, ಹಣ ಕೊಡಬೇಕು, ವೇಗ ಜಾಸ್ತಿ.

1980ರ ದಶಕದ ಪಟ್ಟಿಗಳಲ್ಲಿ ಒಂದು ತೊಡಕು ಎದುರಾಗುತ್ತದೆ. ವರ್ಣಗಳು ಒಂದೇ ಸಮನಾಗಿ ಮಾಸಿರುವುದಿಲ್ಲ. ನೆರಳು ಸರಿಮಾಡಿದರೆ ಬೆಳಕಿನ ಭಾಗ ಒಂದು ಬಣ್ಣಕ್ಕೆ ವಾಲುತ್ತದೆ, ಬೆಳಕು ಸರಿಮಾಡಿದರೆ ನೆರಳು ಇನ್ನೊಂದಕ್ಕೆ. ವೈಟ್ ಬ್ಯಾಲೆನ್ಸ್ ಎಷ್ಟು ಎಳೆದರೂ ಹೋಗುವುದಿಲ್ಲ. ಕೆಂಪು, ಹಸಿರು, ನೀಲಿ ಕರ್ವ್‌ಗಳ ಇಳಿಜಾರನ್ನೇ ಬೇರೆ ಬೇರೆಯಾಗಿ ತಿದ್ದಬೇಕು. ಎಲ್ಲ ಫ್ರೇಮಿಗೂ ಇಷ್ಟು ಶ್ರಮ ಬೇಡ. ರಾ ಫೈಲ್ ಭದ್ರವಾಗಿದ್ದರೆ ತಿದ್ದುವುದು ಯಾವಾಗ ಬೇಕಾದರೂ ಆಗುತ್ತದೆ, ತೆಗೆಯುವುದು ಮಾತ್ರ ಈಗಲೇ ಆಗಬೇಕು.

ಕಪ್ಪು-ಬಿಳುಪಿಗೆ ಇದಾವುದೂ ಇಲ್ಲ. ಹಸಿರು ಚಾನೆಲ್ ಮಾತ್ರ ಇಟ್ಟುಕೊಂಡು ತಿರುಗಿಸಿ, ಸೆನ್ಸರಿನಲ್ಲಿ ಅರ್ಧದಷ್ಟು ಕಣ್ಣುಗಳು ಹಸಿರಿನವೇ, ಲೆನ್ಸಿನ ಬಣ್ಣದಂಚೂ ಬರುವುದಿಲ್ಲ.

ಹೆಸರಿಡುವಾಗ ಡಬ್ಬಿ-ರೋಲ್-ಫ್ರೇಮ್ ಸಂಖ್ಯೆ: 03_17_24. ಅದೇ ಸಂಖ್ಯೆ ಲಕೋಟೆಯ ಮೇಲೂ ಇರಲಿ. ಫೋಟೋದಲ್ಲಿ ಇರುವವರ ಹೆಸರು, ಊರುಗಳನ್ನು ಹಿರಿಯರಿಂದ ಕೇಳಿ ಕ್ಯಾಪ್ಶನ್ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ. ಇದನ್ನು ತಡಮಾಡಬೇಡಿ, ಹೇಳುವವರು ಇದ್ದಾಗಲೇ ಆಗಬೇಕಾದ ಕೆಲಸ ಇದು. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಿನ ಮನೆಯಲ್ಲಿ.

ಬೆಟಗೇರಿ ಓಣಿ

ಎಲ್ಲರಿಗೂ ಧನ್ಯವಾದ. ಹುಳಿ ವಾಸನೆಯ ಡಬ್ಬಿ ಬೇರೆ ಇಟ್ಟಾಯಿತು, ಅದರ 11 ಪಟ್ಟಿಗಳಿಂದಲೇ ಶುರು. ಎನ್‌ಲಾರ್ಜರ್ ಕಂಬ, 50 ಎಂಎಂ ಲೆನ್ಸ್, 34 ಮಿಮೀ ಟ್ಯೂಬ್, ಎಲ್‌ಇಡಿ ಎಲ್ಲ ಕೂಡಿದೆ. ಗ್ರೇನ್ ಕಾಣುತ್ತದೆ. ಆದರೆ ನಾಲ್ಕು ತೊಂದರೆ. ಫಿಲ್ಮ್ ಸುರುಳಿಯಾಗುತ್ತದೆ ಎಂದು ಫೋಟೋ ಫ್ರೇಮಿನ ಗಾಜು ಮೇಲಿಟ್ಟರೆ ಎಣ್ಣೆ ಚೆಲ್ಲಿದಂತೆ ಬಣ್ಣದ ಬಳೆಗಳು ಬೀಳುತ್ತವೆ. ಬಲ ಅಂಚು ಯಾವಾಗಲೂ ಮೆತ್ತಗೆ. ಪಾಸಿಟಿವ್ ಮಾಡಿದಾಗ ನಾಲ್ಕೂ ಮೂಲೆ ಬೆಳ್ಳಗೆ. ಮತ್ತು ಎಲ್ಲ ಫ್ರೇಮಿನಲ್ಲೂ ಎಡ ಮೇಲ್ಭಾಗದಲ್ಲಿ ಒಂದೇ ಜಾಗದಲ್ಲಿ ಬಿಳಿ ಚುಕ್ಕಿ.

ಮಾಳಮಡ್ಡಿ ಡಾರ್ಕ್‌ರೂಮ್

ಬಳೆಗಳ ಹೆಸರು ನ್ಯೂಟನ್ ರಿಂಗ್ಸ್. ನುಣುಪು ಗಾಜು ಮತ್ತು ಫಿಲ್ಮಿನ ನುಣುಪು ಬೇಸ್ ನಡುವೆ ಕೂದಲೆಳೆಗಿಂತ ತೆಳ್ಳಗೆ ಗಾಳಿ ಉಳಿದಾಗ ಬರುತ್ತವೆ. ಗಾಜು ತೆಗೆದುಬಿಡಿ. ಧೂಳು ಕೂರುವ ಎರಡು ಮೈಯೂ ಕಡಿಮೆಯಾದವು. ಎನ್‌ಲಾರ್ಜರಿನ ಗಾಜಿಲ್ಲದ ಕ್ಯಾರಿಯರ್ ಇಲ್ಲದಿದ್ದರೆ 3 ಮಿಮೀ ಕಪ್ಪು ಸನ್‌ಬೋರ್ಡ್‌ನಲ್ಲಿ ಮಾಡಿ. ಎರಡು ತುಂಡಿಗೂ 25×38 ಮಿಮೀ ಕಿಂಡಿ, ನಡುವೆ ಎರಡೂ ಬದಿ ದಪ್ಪ ಕಾಗದದ ಪಟ್ಟಿ ಅಂಟಿಸಿ 35 ಮಿಮೀಗಿಂತ ಕೂದಲಷ್ಟೇ ಅಗಲದ ಓಣಿ. ಫಿಲ್ಮ್ ಅದರಲ್ಲಿ ಜಾರಬೇಕು, ಅಲುಗಬಾರದು. ಕಿಂಡಿಯ ಅಂಚಿಗೆ ಉಪ್ಪುಕಾಗದ (ಸ್ಯಾಂಡ್‌ಪೇಪರ್) ಆಡಿಸಿ, ಇಲ್ಲದಿದ್ದರೆ ಫಿಲ್ಮಿನ ಉದ್ದಕ್ಕೂ ಗೆರೆ ಬೀಳುತ್ತದೆ. ಸುರುಳಿ ಜೋರಾಗಿದ್ದರೆ ಲಕೋಟೆಯಲ್ಲಿಟ್ಟು ನಾಲ್ಕಾರು ದಿನ ದಪ್ಪ ಪುಸ್ತಕದಡಿ ಬಿಡಿ.

ಬಲ ಅಂಚಿಗೆ ಒಂದು ಪರೀಕ್ಷೆ. ಕ್ಯಾರಿಯರನ್ನು ಅದಿದ್ದಲ್ಲೇ 180 ಡಿಗ್ರಿ ತಿರುಗಿಸಿ ಮತ್ತೆ ತೆಗೆಯಿರಿ. ಮಸುಕು ಚಿತ್ರದ ಬಲದಲ್ಲೇ ಉಳಿದರೆ ಕ್ಯಾಮೆರಾ ವಾಲಿದೆ ಇಲ್ಲವೇ ಲೆನ್ಸ್ ಟ್ಯೂಬಿನಲ್ಲಿ ಓರೆ ಕೂತಿದೆ. ಎಡಕ್ಕೆ ಬಂದರೆ ಕ್ಯಾರಿಯರ್ ಅಥವಾ ಫಿಲ್ಮ್ ಎದ್ದಿದೆ. ಟ್ಯೂಬ್ ಎರಡು ತುಂಡು ಜೋಡಿಸಿದಾಗ ಕ್ಯಾಮೆರಾದ ಕಡೆಯ ಮೌಂಟ್ ಸಡಿಲಾಗಿ ಲೆನ್ಸ್ ಜೋಲುವುದುಂಟು.

ಮೂಲೆ ಬೆಳ್ಳಗಾದದ್ದನ್ನು ತಲೆಕೆಳಗಾಗಿ ಓದಬೇಕು. ಪಾಸಿಟಿವ್‌ನಲ್ಲಿ ಬಿಳಿ ಅಂದರೆ ನಿಜದಲ್ಲಿ ಅಲ್ಲಿ ಬೆಳಕು ಸಾಲದು. ಖಾಲಿ ಬೆಳಕಿನ ಫ್ರೇಮಿನಲ್ಲೂ ಮೂಲೆ ಕಪ್ಪಾಗಿದ್ದರೆ ಪ್ಯಾನೆಲ್ ಚಿಕ್ಕದು ಅಥವಾ ಅಕ್ರಿಲಿಕ್ಕಿಗೆ ತೀರ ಹತ್ತಿರವಾಗಿದೆ, ಅಂತರ ಹೆಚ್ಚಿಸಿ. ಉಳಿದದ್ದನ್ನು ರಾಥೆರಪಿಯ ಫ್ಲ್ಯಾಟ್ ಫೀಲ್ಡ್‌ಗೆ (ಬೆಳಕಿನ ಏರುಪೇರು ಸರಿದೂಗಿಸುವ ಸಾಧನ) ಆ ಖಾಲಿ ಫ್ರೇಮನ್ನೇ ಕೊಟ್ಟು ತೆಗೆಯಬಹುದು, ಅದೇ ಅಪರ್ಚರಿನಲ್ಲಿ ತೆಗೆದದ್ದಾಗಿರಬೇಕು. ಇದಕ್ಕೆ ಹತ್ತಿರದ ಇನ್ನೊಂದು ದೋಷ ಇದೆ: ನಡುವೆ ಮಬ್ಬು ಹರಡಿ ಕಾಂಟ್ರಾಸ್ಟ್ ಇಳಿಯುವುದು. ಅದು ಟ್ಯೂಬಿನ ಒಳಗೋಡೆಯ ಹೊಳಪಿನಿಂದ. ಒಳಗೆ ಕಪ್ಪು ವೆಲ್ವೆಟ್ ಕಾಗದ ಅಂಟಿಸಿ, ಫಿಲ್ಮಿನ ಸುತ್ತ ಸೋರುವ ಬೆಳಕನ್ನು ಕಪ್ಪು ಕಾರ್ಡಿನಿಂದ ಮುಚ್ಚಿ.

ಬಿಳಿ ಚುಕ್ಕಿ ಫಿಲ್ಮ್ ಸರಿಸಿದರೂ ಸರಿಯದಿದ್ದರೆ ಅದು ಸೆನ್ಸರಿನ ಮೇಲಿನ ಧೂಳು.

ಸಾಧನಕೇರಿ

ಇದೇ ಏರ್ಪಾಟಿನಲ್ಲಿ ಗಾಜಿನ ನೆಗೆಟಿವ್ ತೆಗೆಯಬಹುದೇ? ಧಾರವಾಡದ ಒಂದು ಮನೆಯಲ್ಲಿ ಹಳೆಯ ಸ್ಟುಡಿಯೋ ಪ್ಲೇಟುಗಳು 40ರಷ್ಟು ಇವೆ, ಪೌಣೆ ಐದು ಇಂಚು ಅಗಲ, ಆರೂವರೆ ಇಂಚು ಉದ್ದ. ಮುಖದ ಭಾಗದಲ್ಲಿ ಪೆನ್ಸಿಲ್ ಗೀಚಿದಂತೆ, ಕೆಲವದರಲ್ಲಿ ತೆಳು ಕೆಂಪು ಹಚ್ಚಿದಂತೆ ಇದೆ. ಅಂಚುಗಳಲ್ಲಿ ನೀಲಿ ಹೊಳಪು. ಒರೆಸಿ ತೆಗೆಯಬೇಕೇ?

ದುರ್ಗದಬೈಲ್

ಒರಸಬ್ಯಾಡ್ರಿ! ಆ ಪೆನ್ಸಿಲ್ ಗೀಟು, ಆ ಕೆಂಪು, ಎಲ್ಲಾ ರಿಟಚ್ ಮಾಡೂ ಕಲಾವಿದನ ಕೈಕೆಲಸ. ಮುಖದ ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ನೆಗೆಟಿವ್‌ನಾಗ ಗಾಜಿನಂಗ ತೆಳ್ಳಗ ಇರತಾವು. ಅಲ್ಲಿ ಸೀಸದ ಕಡ್ಡಿಲೆ ಸಣ್ಣ ಸಣ್ಣ ಗೀಟು ಹಾಕಿ ಬೆಳಕ ತಡದ್ರ ಪ್ರಿಂಟಿನಾಗ ಮುಖ ನುಣುಪ ಬರತಿತ್ತು. ಕೆಂಪು ಬಣ್ಣಾನೂ ಅದಕ್ಕ: ಆಗಿನ ಕಾಗದಕ್ಕ ಕೆಂಪು ಕಾಣತಿದ್ದಿಲ್ಲ, ಹಚ್ಚಿದಲ್ಲೆ ಬೆಳಕ ತಡದಂಗ ಆಗತಿತ್ತು. ಚಿತ್ರದಷ್ಟ ಬೆಲಿ ಅದಕ್ಕೂ ಐತಿ. ಅಂಚಿನ ನೀಲಿ ಹೊಳಪು ಅಂದ್ರ ಬೆಳ್ಳಿ ಮ್ಯಾಲ ಬಂದದ್ದು. ಹಾಯ್ದ ಬರೂ ಬೆಳಕಿನಾಗ ಅದು ಅಷ್ಟೇನು ಕಾಣೂದಿಲ್ಲ, ಬಿಟ್ಟಬಿಡ್ರಿ.

ನಿಮ್ಮದು ಹಾಫ್ ಪ್ಲೇಟ್. ಇದಕ್ಕ ಟ್ಯೂಬೂ ಬ್ಯಾಡ, ಮ್ಯಾಕ್ರೋನೂ ಬ್ಯಾಡ. ವರ್ಧನಿ 0.12ರಷ್ಟ ಸಾಕು, ಕಿಟ್ ಲೆನ್ಸ್ 55ಕ್ಕ ಇಟ್ಟು ಎಫ್/8ನಾಗ ಛಲೋ ಬರತೈತಿ. ದೊಡ್ಡ ಬೆಳಕ ಬೇಕು, ಪ್ಲೇಟಿಗಿಂತ ನಾಕೂ ಕಡೆ ಎರಡ ಇಂಚ ಜಾಸ್ತಿ ಇರೂ ಹಾಲುಬಿಳಿ ಅಕ್ರಿಲಿಕ್. ಮಂಕ್ ಬದಿ ಮ್ಯಾಲ ಮಾಡಿ, ಪ್ಲೇಟಿನ ಎರಡೂ ತುದಿಗೆ 2 ಸೆಂಮೀ ಎತ್ತರದ ಥರ್ಮಾಕೋಲ್ ಪಟ್ಟಿ ಕೊಟ್ಟ ಇಡ್ರಿ. ಚಿತ್ರ ಎಡಬಲ ಆಗಿ ಬರತೈತಿ, ಕಂಪ್ಯೂಟರ್‌ನಾಗ ಹೊಳ್ಳಿಸ್ರಿ. ಹಿಂದಿನ ಗಾಜಿನ ಬದಿ ಮಾತ್ರ, ಅದೂ ಇಮಲ್ಶನ್ ಅಂಚ ಎದ್ದಿರದಿದ್ರ, ಒಣಾ ಮೆತ್ತನ ಅರಿವಿಲೆ ಒರಸಬಹುದು. ಒಡದ ಪ್ಲೇಟಿನ ಚೂರು ಅಕ್ರಿಲಿಕ್ ಮ್ಯಾಲ ಜೋಡಿಸಿ ತಗೀರಿ, ಟೇಪ್ ಹಚ್ಚಬ್ಯಾಡ್ರಿ.

ಎರಡೂ ಕೈಲೆ ಅಂಚ ಹಿಡೀರಿ, ಒಂದರ ಮ್ಯಾಲೊಂದ ಒಟ್ಟಬ್ಯಾಡ್ರಿ. ಒಂದೊಂದಕ್ಕೂ ಕಾಗದದ ಹೊದಿಕಿ ಹಾಕಿ, ಉದ್ದ ಅಂಚಿನ ಮ್ಯಾಲ ಪುಸ್ತಕದಂಗ ನಿಂದ್ರಿಸಿ ಇಡ್ರಿ. ಮತ್ತ ಪ್ರತಿ ಪ್ಲೇಟಿಂದು ಎರಡ ಫೋಟೋ ತಗೀರಿ: ಒಂದು ಕೆಳಗಿನ ಬೆಳಕಿನಾಗ. ಇನ್ನೊಂದು ಕೆಳಗಿನ ದೀಪ ಆರಿಸಿ, ಕೆಳಗ ಕಪ್ಪ ಅರಿವಿ ಹಾಸಿ, ಬಾಜೂದಿಂದ ಓರೆ ಬೆಳಕ ಬಿಟ್ಟು. ಅಂಚಿನಾಗ ಶಾಯಿಲೆ ಬರದ ನಂಬರು, ಗಿರಾಕಿ ಹೆಸರು, ಪೆನ್ಸಿಲ್ಲಿನ ಗೀಟು ಎಲ್ಲಾ ಆ ಎರಡನೇದ್ರಾಗ ಓದಾಕ ಬರತಾವು.